ಬಾಟ್ಲಿ ಹಚ್ಚಿದರೂ ಇಳಿಯದ ದಣಿವು

ಮಾಲಗಾಂವ ಇರಲಿ, ಆರಗ, ಬೇಡಗ ಇರಲಿ, ಮಿರಜ ಸುತ್ತಿನ ಯಾವ ಊರಿನಲ್ಲೇ ಆಗಲಿ ಮೈಯಲ್ಲಿ ಕಸುವಿಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸಲಹೆ ಸಿದ್ಧವಾಗಿರುತ್ತದೆ: ‘ಒಂದು ಸಲಾಯಿನ್ ಹಚ್ಚಿಸ್ಕೊಂಡು ಬಾ.’ ಕನ್ನಡದಲ್ಲಿ ಹೇಳಿದರೂ ಮರಾಠಿಯಲ್ಲಿ ಹೇಳಿದರೂ ಸಲಹೆ ಅದೇ. ಹಚ್ಚದ ಡಾಕ್ಟರರಿಗೆ ಕೈಗುಣ ಇಲ್ಲ. ಎರಡು ಬಾಟ್ಲಿ ಹಚ್ಚಿದವರು ದೊಡ್ಡ ಡಾಕ್ಟರರು. ಇದು ನಡೆಯುತ್ತಿರುವುದು ಎಂಥ ಊರಿನ ಮಗ್ಗುಲಲ್ಲಿ? 1894ರಲ್ಲಿ ಡಾ. ವಾನ್ಲೆಸ್ ಮಿಷನ್ ಆಸ್ಪತ್ರೆ ಕಟ್ಟಿದ, 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವ, ಗಡಿಯ ಆಚೆಯ ಕರ್ನಾಟಕದಿಂದಲೂ ಜನ ಚಿಕಿತ್ಸೆಗೆ ಬರುವ ಮಿರಜಿನ ಮಗ್ಗುಲಲ್ಲಿ. ಆ ಬಾಟ್ಲಿಯಲ್ಲಿ ಇರುವುದೇನು ಎಂದು ಓದುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ. ಅರ್ಧ ಲೀಟರ್ ಸಾದಾ ಸಲಾಯಿನ್‌ನಲ್ಲಿ ಇರುವುದು ನೀರು ಮತ್ತು 4.5 ಗ್ರಾಂ ಉಪ್ಪು. ಶಕ್ತಿ ಸೊನ್ನೆ. ಶೇ. 5ರ ಗ್ಲೂಕೋಸ್ ಬಾಟ್ಲಿಯಾದರೆ 25 ಗ್ರಾಂ ಸಕ್ಕರೆ, ನೂರು ಕ್ಯಾಲೊರಿಯ ಒಳಗಿನ ಲೆಕ್ಕ. ದೊಡ್ಡದೊಂದು ಬಾಳೆಹಣ್ಣು ತಿಂದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಸೂಜಿಯೂ ಬೇಕಿಲ್ಲ.

‘ಹಾಗಾದರೆ ಹಚ್ಚಿಸಿಕೊಂಡ ಮೇಲೆ ಹಗುರ ಅನಿಸುತ್ತದಲ್ಲ?’ ಎಂಬ ಪ್ರಶ್ನೆ ಬರುತ್ತದೆ. ವಾಂತಿಭೇದಿಯಿಂದಲೋ ಬಿಸಿಲಿನಿಂದಲೋ ಮೈಯ ನೀರು ಆರಿದ್ದರೆ ನಿಜಕ್ಕೂ ಹಗುರವಾಗುತ್ತದೆ, ಬಾಟ್ಲಿ ಹುಟ್ಟಿದ್ದೇ ಅದಕ್ಕೆ. ಉಳಿದವರಿಗೆ ಗುಣ ಕೊಟ್ಟದ್ದು ಉಪ್ಪುನೀರಲ್ಲ. ಒಂದು ತಾಸು ಯಾರ ಕರೆಯೂ ಇಲ್ಲದೆ ಮಂಚದ ಮೇಲೆ ಅಂಗಾತ ಮಲಗಿದ್ದು, ಮಗ್ಗುಲಲ್ಲಿ ಮನೆಯವರು ಕೂತದ್ದು, ‘ಹೆಂಗ ಅನಸ್ತೈತಿ?’ ಎಂದು ಯಾರೋ ಕೇಳಿದ್ದು. ಸೂಜಿಯ ಮೇಲಿನ ನಂಬಿಕೆ ಗುಳಿಗೆಯ ಮೇಲಿನದಕ್ಕಿಂತ ಗಟ್ಟಿ. ಕಣ್ಣಿಗೆ ಕಾಣುವಂತೆ ಹನಿಹನಿಯಾಗಿ ಇಳಿಯುವ ಔಷಧದ ಮೇಲಿನದು ಇನ್ನೂ ಗಟ್ಟಿ. ನೀರು ಮಾತ್ರ ನಿಧಾನಕ್ಕೆ ಮೂತ್ರಪಿಂಡದ ದಾರಿ ಹಿಡಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಆ ಹೆಚ್ಚುವರಿ ನೀರೇ ಅಪಾಯ. ಹಾಗೆಂದ ಮಾತ್ರಕ್ಕೆ ರಕ್ತ ಪರೀಕ್ಷೆ ಬೇಡವೆಂದು ಯಾರೂ ಹೇಳುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಅವರ ದಣಿವಿಗೆ ಮೊದಲು ಕಬ್ಬಿಣಾಂಶ ಕೊಡಬೇಕೇ ಹೊರತು ತತ್ವಜ್ಞಾನವನ್ನಲ್ಲ. ಥೈರಾಯ್ಡ್, ಸಕ್ಕರೆ, ಬಿ12 ಇವನ್ನೂ ನೋಡಿಸಲೇಬೇಕು. ನನ್ನ ತಕರಾರು ಅದರ ಮುಂದಿನದು: ರಿಪೋರ್ಟಿನಲ್ಲಿ ಎಲ್ಲ ಸರಿ ಇದ್ದೂ, ಎಂಟು ತಾಸು ಮಲಗಿ ಎದ್ದೂ, ಕೆಲಸಕ್ಕೆ ಹೊರಡುವ ಹೊತ್ತಿಗೆ ಕಾಲು ಸೋಲುವವರ ಬಗ್ಗೆ.

ದಣಿವು ದುಡಿತದ ಪ್ರಮಾಣದಿಂದಷ್ಟೇ ಬರುತ್ತದೆ ಎಂಬುದು ಬಾಟ್ಲಿಯ ನಂಬಿಕೆಯ ಬೇರು. ಮಾಲಗಾಂವದ ಎಲೆ ತೋಟಗಳಲ್ಲಿ ಬಳ್ಳಿ ಇಳಿಸುವ ಹಂಗಾಮಿನಲ್ಲಿ ದಿನವಿಡೀ ಬಗ್ಗಿ ಎದ್ದು ಮಾಡುವ ಕೆಲಸ ಸೊಂಟ ಮುರಿಯುವಂಥದ್ದು. ಆ ದಣಿವನ್ನು ಊಟ ಮತ್ತು ನಿದ್ದೆ ಬಹುಮಟ್ಟಿಗೆ ತೀರಿಸುತ್ತವೆ. ಕುರ್ಚಿಯ ಮೇಲೆ ಕೂತು, ತನಗೆ ಸರಿಯಲ್ಲ ಅನಿಸಿದ್ದನ್ನು ದಿನಾ ಮಾಡುವವರ ದಣಿವನ್ನು ನಿದ್ದೆ ತೀರಿಸುವುದಿಲ್ಲ, ಏಕೆಂದರೆ ಅದು ಮೊದಲು ಕಸಿಯುವುದೇ ನಿದ್ದೆಯನ್ನು. ಹಗಲು ನುಂಗಿಕೊಂಡ ಮಾತು ರಾತ್ರಿ ತಲೆಯಲ್ಲಿ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ‘ಬರ್ನ್‌ಔಟ್’ ಅನ್ನು ರೋಗವೆಂದು ಬರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಬರೆದಿದೆ. ಕಸುವು ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಮೇಲೆ ಜುಗುಪ್ಸೆ ಹುಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು ಅದರ ಮೂರು ಗುರುತು. ಈ ವಿಷಯವನ್ನು ದಶಕಗಟ್ಟಲೆ ಅಭ್ಯಸಿಸಿದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ 1997ರಲ್ಲಿ ಕೊಟ್ಟ ಆರು ಕಾರಣಗಳಲ್ಲಿ ಕೆಲಸದ ಹೊರೆ ಒಂದು ಮಾತ್ರ. ಹಿಡಿತ, ಪ್ರತಿಫಲ, ಜೊತೆಗಾರರು, ನ್ಯಾಯ ಇವುಗಳ ಜೊತೆಗೆ ಆರನೆಯದು ಮೌಲ್ಯ: ಕೆಲಸ ಕೇಳುವುದಕ್ಕೂ ಮಾಡುವವರ ಮನಸ್ಸು ಒಪ್ಪುವುದಕ್ಕೂ ಇರುವ ಅಂತರ. ಬಾಟ್ಲಿ ಈ ಆರರಲ್ಲಿ ಯಾವುದಕ್ಕೆ ಮದ್ದು?

ಇಲ್ಲೊಂದು ವಿಚಿತ್ರವಿದೆ. ಆ ಬಾಟ್ಲಿ ಹಚ್ಚುವವರಿಗೆ ಅದರಿಂದ ಉಪಯೋಗವಿಲ್ಲ ಎಂಬುದು ಗೊತ್ತು. ನಾಲ್ಕು ವರ್ಷ ಓದಿದ ನರ್ಸಿಗೆ ಗೊತ್ತು, ಡಾಕ್ಟರರಿಗಂತೂ ಗೊತ್ತೇ ಗೊತ್ತು. ಹಚ್ಚದಿದ್ದರೆ ರೋಗಿ ಪಕ್ಕದ ದವಾಖಾನೆಗೆ ನಡೆಯುತ್ತಾರೆ; ಹಚ್ಚಿದರೆ ಕಲಿತದ್ದಕ್ಕೆ ದ್ರೋಹ. ಅಮೆರಿಕದ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನರ್ಸುಗಳ ಬಗ್ಗೆ ಬರೆಯುತ್ತ ಗುರುತಿಸಿದ್ದು ಇದೇ ಸಂಕಟವನ್ನು: ಸರಿಯಾದದ್ದು ಯಾವುದೆಂದು ತಿಳಿದಿದೆ, ಸಂಸ್ಥೆಯ ಕಟ್ಟುಪಾಡು ಅದನ್ನು ಮಾಡಗೊಡುವುದಿಲ್ಲ. ಎಲ್ಲಿ ಬೇಡದ ಪರೀಕ್ಷೆ ಬರೆಯಬೇಕೋ, ಎಲ್ಲಿ ಹಾಸಿಗೆ ತುಂಬಿಸುವ ಗುರಿ ಇದೆಯೋ, ಅಲ್ಲೆಲ್ಲ ಇದೇ ಕಥೆ. ಹೀಗಾಗಿ ಸುಳ್ಳು ಶಕ್ತಿಯ ಬಾಟ್ಲಿಯ ಎರಡು ತುದಿಯಲ್ಲೂ ದಣಿದವರೇ ಇರುವುದುಂಟು. ಮಲಗಿದವರ ದಣಿವಿಗೆ ಬಿಲ್ ಆಗುತ್ತದೆ, ನಿಂತವರದಕ್ಕೆ ಆಗುವುದಿಲ್ಲ.

‘ಇದೆಲ್ಲ ಹೊಟ್ಟೆ ತುಂಬಿದವರ ರೋಗ’ ಎನ್ನುವ ಆಕ್ಷೇಪ ಕೇಳಲು ಗಟ್ಟಿಯಾಗಿದೆ, ಒಳಗೆ ಟೊಳ್ಳು. ಹೊಟ್ಟೆ ತುಂಬಿದವರು ಒಪ್ಪದ ಕೆಲಸ ಬಿಟ್ಟು ಹೋಗಬಲ್ಲರು. ಬಿಡಲಾಗದವರಿಗೇ ಈ ಸಂಕಟ ಹೆಚ್ಚು. ಗಡಿಯ ಎರಡೂ ಬದಿಗೆ ಮೈಕ್ರೋಫೈನಾನ್ಸ್ ವಸೂಲಿಗೆ ಬೈಕ್ ಏರಿ ಹೊರಡುವ ಹುಡುಗರನ್ನು ನೋಡಿ. ಸಾಲದ ಕಂತಿನ ಕಷ್ಟ ತಮ್ಮ ಮನೆಯಲ್ಲೇ ಕಂಡವರು ಅವರಲ್ಲಿ ಬಹಳ, ಈಗ ತಾಯಿಯ ವಯಸ್ಸಿನವರ ಬಾಗಿಲಲ್ಲಿ ದನಿ ಏರಿಸಬೇಕು. ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಅಭ್ಯಸಿಸಿದ್ದು ಎರಡು ಗುಂಪನ್ನು: ಸದಾ ನಗಬೇಕಾದ ವಿಮಾನ ಪರಿಚಾರಕಿಯರು, ಸದಾ ಗದರಬೇಕಾದ ಸಾಲ ವಸೂಲಿಗಾರರು. ಒಳಗಿಲ್ಲದ ಭಾವವನ್ನು ಮುಖದ ಮೇಲೆ ಹೊತ್ತುಕೊಳ್ಳುವುದೂ ದುಡಿಮೆಯೇ, ಅದೂ ಸುಸ್ತು ಮಾಡುತ್ತದೆ ಎಂಬುದು ಅವರ ತರ್ಕ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು 10 ವರ್ಷದವರೆಗಿನ ಶಿಕ್ಷೆಯ ಸುಗ್ರೀವಾಜ್ಞೆ ತಂದಾಗ ಎಲ್ಲರೂ ಸಾಲಗಾರರ ಬಗ್ಗೆ ಮಾತಾಡಿದರು, ಅದು ನ್ಯಾಯವೇ. ಆದರೆ ‘ಗದರಿಸುವುದು ಅಪರಾಧ’ ಎಂದು ಮೇಲಧಿಕಾರಿಗೆ ತೋರಿಸಲು ಒಂದು ಕಾಗದ ಆ ಹುಡುಗರ ಕೈಗೂ ಸಿಕ್ಕಿತು ಎಂಬುದನ್ನು ಯಾರೂ ಹೇಳಲಿಲ್ಲ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಇಷ್ಟ: ತಪ್ಪು ಕೆಲಸ ದಣಿಸುವುದಾದರೆ ಲಂಚಕೋರರೆಲ್ಲ ಹಾಸಿಗೆ ಹಿಡಿದಿರಬೇಕಿತ್ತಲ್ಲ, ಅವರು ದುಂಡಗೆ ಓಡಾಡಿಕೊಂಡಿದ್ದಾರೆ! ಇದ್ದಾರೆ, ನಿಜ. ದಣಿಸುವುದು ತಪ್ಪಲ್ಲ, ತಿಕ್ಕಾಟ. ಮೇಜಿನ ಕೆಳಗೆ ಕೈ ಚಾಚಲು ಮನಸ್ಸು ಎಂದೂ ಅಡ್ಡ ಬರದವರಿಗೆ ತಿಕ್ಕಾಟವೇ ಇಲ್ಲ, ಸುಸ್ತು ಎಲ್ಲಿಂದ ಬಂದೀತು? ಅದೇ ಕಚೇರಿಯಲ್ಲಿ ಕಡತ ಮುಂದೂಡುತ್ತ ಒಳಗೊಳಗೇ ಮುದುಡುವ ಗುಮಾಸ್ತರು ದಣಿಯುತ್ತಾರೆ. ಆದ್ದರಿಂದ ಈ ದಣಿವು ಪಾಪದ ಶಿಕ್ಷೆಯೂ ಅಲ್ಲ, ಒಳ್ಳೆಯತನದ ಪ್ರಮಾಣಪತ್ರವೂ ಅಲ್ಲ. ಮೌಲ್ಯ ತಪ್ಪೇ ಇರಬಹುದು, ತಿಕ್ಕಾಟ ಮಾತ್ರ ನಿಜ. ಇದನ್ನು ಖಿನ್ನತೆಯೊಂದಿಗೂ ಕಲಸಬಾರದು. ಖಿನ್ನತೆ ಮನೆ, ಊಟ, ಹಬ್ಬ ಎಲ್ಲದರ ರುಚಿ ಕೆಡಿಸುತ್ತದೆ. ಇದು ಶುರುವಿನಲ್ಲಾದರೂ ಆ ಕೆಲಸದ ಸುತ್ತಲೇ ಇರುತ್ತದೆ. ಒಂದು ಮತ್ತೊಂದಕ್ಕೆ ತಿರುಗಬಹುದು, ಹಾಗೆ ತಿರುಗಿದಾಗ ಮನೋವೈದ್ಯರನ್ನು ಕಾಣುವುದೇ ಸರಿ. ಬಾಟ್ಲಿಯನ್ನು ಕಂಡು ನಗುವ ಓದಿದವರಿಗೂ ಒಂದು ಮಾತು: ಇಚ್ಛಾಶಕ್ತಿ ಟಾಂಕಿಯ ನೀರಿನಂತೆ ಖಾಲಿಯಾಗುತ್ತದೆ ಎಂಬ 1998ರ ಸಿದ್ಧಾಂತವನ್ನು 2016ರಲ್ಲಿ 23 ಪ್ರಯೋಗಾಲಯಗಳು ಒಟ್ಟಾಗಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿದೆ ಎಂದು ನಂಬಿದ್ದೂ ಒಂದು ಸಲಾಯಿನ್ನೇ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ವಾರದ ರಜೆ ಎಲ್ಲ ಸರಿಮಾಡುವುದಿಲ್ಲ, ಅದರ ಗುಣ ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ. ಕೊರತೆ ಇಲ್ಲದವರಿಗೆ ಕೊಟ್ಟ ಬಿ12 ಸೂಜಿ ಮೂತ್ರದಲ್ಲಿ ಹರಿದುಹೋಗುವುದೇ ಹೆಚ್ಚು. ದೃಷ್ಟಿ ತೆಗೆಸಿದರೆ ನಷ್ಟವೇನಿಲ್ಲ, ನಾಲ್ಕು ಮೆಣಸಿನಕಾಯಿ ಹೋಗುತ್ತವೆ ಅಷ್ಟೆ. ಸೋಮಾರಿತನ ಎನ್ನುವವರಿಗೆ ಉತ್ತರ ಬೇಕಿಲ್ಲ. ಆದರೆ ದೊಡ್ಡ ಆಸ್ಪತ್ರೆ, ಬ್ಯಾಂಕು, ಕಂಪನಿಗಳು ವರ್ಷಕ್ಕೊಮ್ಮೆ ನಡೆಸುವ ಒತ್ತಡ ನಿವಾರಣೆಯ ಕಾರ್ಯಾಗಾರ ಇದೆಯಲ್ಲ, ಅದು ಸೂಟು ಹಾಕಿಕೊಂಡ ಬಾಟ್ಲಿ. ಭಾಷಣಕಾರರು ಬರುತ್ತಾರೆ, ಎಲ್ಲರೂ ಕಣ್ಣು ಮುಚ್ಚಿ ಉಸಿರೆಳೆಯುತ್ತಾರೆ, ಮಧ್ಯಾಹ್ನ ಹಗುರ ಅನಿಸುತ್ತದೆ, ಸೋಮವಾರ ಅದೇ ಗುರಿ, ಅದೇ ಬೇಡದ ಪರೀಕ್ಷೆ, ಅದೇ ಬಾಗಿಲಲ್ಲಿ ಅದೇ ಗದರಿಕೆ. ಮಾಸ್ಲಾಕ್ ಮತ್ತು ಲೈಟರ್ ಸರಿಪಡಿಸಿ ಎಂದದ್ದು ಕೆಲಸವನ್ನು, ಕೆಲಸಗಾರರ ಉಸಿರಾಟವನ್ನಲ್ಲ. ಅದನ್ನು ಮಾಡಹೋದರೆ ಗುರಿ ಇಳಿಸಬೇಕು, ಗುರಿ ಇಳಿದರೆ ಆದಾಯ ಇಳಿಯುತ್ತದೆ. ಭಾಷಣಕಾರರಿಗಾದರೆ ಒಂದು ದಿನದ ಸಂಭಾವನೆ ಕೊಟ್ಟರಾಯಿತು.