ಮಾಗಿಯ ಮರಕ್ಕೆ ನೀರು: ನಂಬಿದ್ದೆಷ್ಟು, ನಿಜವೆಷ್ಟು

ಕಾರ್ತಿಕ ಕಳೆಯುವ ಹೊತ್ತಿಗೆ ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಯವರೆಗೆ ಒಂದು ಮಾತು ಕೇಳಿಬರುತ್ತದೆ: ‘ಚಳಿ ಬಂತು, ಇನ್ನು ಗಿಡಮರಕ್ಕೆ ನೀರು ಬೇಡ, ಅವು ಮಲಗುವ ಕಾಲ.’ ಮುಂಗಾರಿನಲ್ಲಿ ಆಸೆಪಟ್ಟು ನೆಟ್ಟ ಎಷ್ಟೋ ಸಸಿಗಳು ಮರುವರ್ಷದ ಮಳೆ ಕಾಣದೆ ಹೋಗುವುದಕ್ಕೆ ಈ ಮಾತೂ ಒಂದು ಕಾರಣ.

ಮರ ಮಲಗುವುದು ಸುಳ್ಳಲ್ಲ. ಆದರೆ ಅದು ಕಾಶ್ಮೀರದ ಸೇಬಿನ ಮಾತು, ಮಣ್ಣೊಳಗಿನ ನೀರೇ ಹೆಪ್ಪುಗಟ್ಟುವ ಊರಿನ ಮಾತು. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 14–15 ಡಿಗ್ರಿ ಇರುತ್ತದೆ. ಮಧ್ಯಾಹ್ನ 27ರ ಆಸುಪಾಸಿಗೆ ಏರುತ್ತದೆ. ಪಕ್ಕದ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈ ಚಳಿಗೆ ಬೇವು, ಹುಣಸೆ, ಹೊಂಗೆ ಯಾವುದೂ ಸಾಯುವುದಿಲ್ಲ. ಅವುಗಳನ್ನು ಕಾಡುವುದು ಒಣಹವೆ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಕಾಣುವ ಈ ಸೀಮೆಗೆ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವಿಶಾಖ, ಅನೂರಾಧ ಮಳೆಗಳು ಮುಗಿದ ಮೇಲೆ ಏಪ್ರಿಲ್‌ನ ಅಶ್ವಿನಿ, ಭರಣಿಯವರೆಗೆ ಆಕಾಶದಿಂದ ಬೀಳುವುದು ಅತ್ಯಲ್ಪ. ಕೆಮ್ಮಣ್ಣು, ಅದರಲ್ಲೂ ಜಲ್ಲಿ ಬೆರೆತ ಕೆಮ್ಮಣ್ಣು, ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಮರದ ಲೆಕ್ಕದಲ್ಲಿ ನಮ್ಮ ಚಳಿಗಾಲವೆಂದರೆ ಬೇಸಿಗೆ ಶುರುವಾದಂತೆಯೇ.

‘ರಾತ್ರಿಯೆಲ್ಲ ಇಬ್ಬನಿ ಸುರಿಯುತ್ತದಲ್ಲ, ಅದು ಸಾಲದೆ?’ ಸಾಲದು. ಎಲೆ ಒದ್ದೆಯಾಗುತ್ತದೆ, ಬೇರು ಒಣಗೇ ಇರುತ್ತದೆ. ಒಂದು ರಾತ್ರಿಯ ಇಬ್ಬನಿಯನ್ನೆಲ್ಲ ಸೇರಿಸಿದರೂ ಒಂದು ಮಿಲಿಮೀಟರ್ ಮಳೆಗೆ ಸಮನಾಗುವುದಿಲ್ಲ, ಬಿಸಿಲೇರುವ ಮುಂಚೆ ಅದೂ ಆರಿಹೋಗುತ್ತದೆ.

ಹಾಗಾದರೆ ಎಲ್ಲ ಮರಕ್ಕೂ ನೀರು ಹಾಯಿಸಬೇಕೆ? ಇಲ್ಲ. ಈ ಜಿಲ್ಲೆಯಲ್ಲಿ ದೊಡ್ಡ ನಷ್ಟ ತರುವ ತಪ್ಪು ಇದಕ್ಕೆ ತದ್ವಿರುದ್ಧವಾದದ್ದು, ಅದು ನಡೆಯುವುದು ಮಾವಿನ ತೋಪಿನಲ್ಲಿ. ‘ಹೂ ಬಿಡುವ ಮುಂಚೆ ಚೆನ್ನಾಗಿ ನೀರು ಕೊಟ್ಟರೆ ಹೂವು ತುಂಬಿ ಬರುತ್ತದೆ’ ಎಂದು ನಂಬಿ, ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರನ್ನು ನವೆಂಬರ್‌ನಲ್ಲಿ ಮಾವಿಗೆ ಹಾಯಿಸುವವರಿದ್ದಾರೆ. ಮಾವಿನ ಹೂವು ಬರುವುದು ಬಲಿತ ಕೊಂಬೆಯ ತುದಿಯಲ್ಲಿ. ಕೊಯ್ಲಿನ ನಂತರ ಚಿಗುರಿದ ರೆಂಬೆ ತಿಂಗಳುಗಟ್ಟಲೆ ಬಲಿತು, ಬೆಳವಣಿಗೆ ನಿಲ್ಲಿಸಿ, ತಂಪು ರಾತ್ರಿಗಳನ್ನು ಕಂಡಾಗ ತುದಿಯ ಮೊಗ್ಗು ಹೂವಾಗುತ್ತದೆ. ಆ ಹೊತ್ತಿಗೆ ನೀರು ಸಿಕ್ಕರೆ ಅದೇ ಮೊಗ್ಗು ಎಲೆಯಾಗಿಬಿಡುತ್ತದೆ. ತಾಮ್ರದ ಬಣ್ಣದ ಎಳೆ ಚಿಗುರು ನೋಡಲು ಚೆಂದ, ಫಸಲಿಗೆ ಮಾತ್ರ ಅದೇ ಕೇಡು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕಾಲದಲ್ಲಿ ಮಳೆ ತಂದಾಗ ಶ್ರೀನಿವಾಸಪುರದ ಮಾವಿನ ರೈತರು ಕಳವಳಪಡುವುದು ಇದಕ್ಕೇ. 2021ರ ನವೆಂಬರ್‌ನಲ್ಲಿ ಕೋಲಾರದ ಎಷ್ಟೋ ಕೆರೆಗಳು ಕೋಡಿ ಬಿದ್ದು ಜಿಲ್ಲೆ ಸಂಭ್ರಮಿಸಿತು. ಅಂಥ ಮಳೆ ಕೆರೆಗೆ ವರ, ಹೂವಿಗೆ ಕಾದ ಮಾವಿಗೆ ಹಾಗಲ್ಲ.

ಫಸಲು ಕೊಡುವ ಮಾವಿಗೆ ಹೂವಿಗೆ ಎರಡು ಮೂರು ತಿಂಗಳ ಮುಂಚೆ ನೀರು ನಿಲ್ಲಿಸಬೇಕು. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಬಾದಾಮಿಯಾಗಲಿ ತೋತಾಪುರಿಯಾಗಲಿ, ಕ್ರಮ ಇದೇ. ‘ಚಳಿಗಾಲದಲ್ಲಿ ಕೊಂಬೆ ಸವರಿದರೆ ಮರ ಹಗುರಾಗುತ್ತದೆ’ ಎಂಬ ಇನ್ನೊಂದು ನಂಬಿಕೆಯೂ ಮಾವಿನ ಮಟ್ಟಿಗೆ ದುಬಾರಿ. ನವೆಂಬರ್‌ನಲ್ಲಿ ಕತ್ತರಿಸಿದ ಪ್ರತಿ ತುದಿಯೂ ಬರಬೇಕಾದ ಒಂದು ಹೂಗೊಂಚಲು. ಸವರುವುದಿದ್ದರೆ ಕೊಯ್ಲು ಮುಗಿದ ಕೂಡಲೇ ಸವರಿ. ಈಗ ಒಣಗಿದ, ರೋಗ ಬಿದ್ದ ಕಡ್ಡಿಗಳನ್ನಷ್ಟೇ ತೆಗೆಯಿರಿ.

ಇನ್ನು ಎಳೆ ಸಸಿಗಳು. ಮಾವಿನದಾದರೂ ಸರಿ, ಬೀದಿಯ ಹೊಂಗೆಯಾದರೂ ಸರಿ, ಮೊದಲ ಎರಡು ಮೂರು ವರ್ಷ ಅವಕ್ಕೆ ಮಾಗಿಯಲ್ಲೂ ನೀರು ಬೇಕೇ ಬೇಕು. ‘ದಿನಾ ಒಂದು ಚೊಂಬು ಹಾಕುತ್ತೇವಲ್ಲ’ ಎನ್ನುವವರ ಅಕ್ಕರೆ ದೊಡ್ಡದು, ಪ್ರಯೋಜನ ಸಣ್ಣದು. ಆ ನೀರು ಮೇಲಿನ ಎರಡಂಗುಲ ಮಣ್ಣನ್ನು ದಾಟುವುದಿಲ್ಲ. ಬೇರೂ ಅಲ್ಲೇ ಮೇಲೇ ಹಬ್ಬಿ, ಮಾರ್ಚ್‌ನ ಬಿಸಿಲಿಗೆ ಸುಡುತ್ತದೆ. ವಾರಕ್ಕೊಮ್ಮೆ 20 ಲೀಟರ್ ಕ್ಯಾನ್‌ನಷ್ಟು ನೀರನ್ನು ನಿಧಾನವಾಗಿ ಇಳಿಸಿ. ನೀರು ಆಳಕ್ಕೆ ಹೋದರೆ ಬೇರೂ ಅದರ ಹಿಂದೆ ಹೋಗುತ್ತದೆ. ಬುಡಕ್ಕೇ ಸುರಿಯಬೇಡಿ. ನೀರು ಹೀರುವ ಎಳೆ ಬೇರುಗಳು ಹೆಚ್ಚಾಗಿರುವುದು ಕೊಂಬೆಯ ನೆರಳು ಮುಗಿಯುವ ಅಂಚಿನ ಸುತ್ತ. ಪಾತಿಯೂ ಅಷ್ಟು ಅಗಲವಾಗಿರಲಿ, ಕಾಂಡದ ಸುತ್ತ ಮಣ್ಣು ಸ್ವಲ್ಪ ಎತ್ತರಿಸಿರಲಿ.

‘ಬೆಳಗಿನ ಚಳಿಯಲ್ಲಿ ತಣ್ಣೀರು ಹಾಕಿದರೆ ಬೇರಿಗೆ ಶೀತ ಹಿಡಿಯುತ್ತದೆ’ ಎಂಬ ಹೆದರಿಕೆಗೆ ಉತ್ತರ ಕೆ.ಜಿ.ಎಫ್.ನ ಗಣಿಯಲ್ಲಿ ದುಡಿದ ಮನೆಗಳವರಿಗೆ ಗೊತ್ತು. ಭೂಮಿ ಆಳಕ್ಕಿಳಿದಷ್ಟೂ ಬಿಸಿ. ಮೂರು ಕಿಲೋಮೀಟರ್ ಮೀರಿದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆ 60 ಡಿಗ್ರಿ ದಾಟಿತ್ತು. ಕೊಳವೆಬಾವಿಯಿಂದ ಆಗತಾನೇ ಎತ್ತಿದ ನೀರು ಮಾಗಿಯ ಮುಂಜಾನೆಯ ಗಾಳಿಗಿಂತ ಬೆಚ್ಚಗಿರುತ್ತದೆ. ಬೆಳಿಗ್ಗೆಯೇ ಹಾಕಿ.

‘ಉದುರಿದ ಎಲೆ ಬುಡದಲ್ಲಿದ್ದರೆ ಗೆದ್ದಲು ಬರುತ್ತದೆ’ ಎಂದು ಗುಡಿಸಿ ಬೆಂಕಿ ಹಾಕುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗೆದ್ದಲಿನ ಮೊದಲ ಆಹಾರ ಸತ್ತ ಕಡ್ಡಿ, ಒಣ ತೊಗಟೆ. ನೀರಿಲ್ಲದೆ ಸೊರಗಿದ ಸಸಿಗೆ ಅದು ಬೇಗ ಹತ್ತುತ್ತದೆ. ಮಣ್ಣಿನ ತೇವ ಉಳಿಸಲು ತರಗೆಲೆಗಿಂತ ಅಗ್ಗದ ಹೊದಿಕೆ ಇಲ್ಲ. ರಾಗಿ ಹುಲ್ಲು ದನಕ್ಕಿರಲಿ. ಹೊಂಗೆ, ಬೇವಿನ ಎಲೆಗಳನ್ನು ಪಾತಿಯಲ್ಲಿ ಮೂರು ನಾಲ್ಕು ಅಂಗುಲ ಹರಡಿ, ಕಾಂಡದಿಂದ ಒಂದು ಗೇಣು ದೂರ ಬಿಡಿ. ಕಾಂಡದ ಮೇಲೆ ಮಣ್ಣಿನ ಗೂಡು ಕಂಡರೆ ಕೆರೆದುಹಾಕಿ.

ರಸ್ತೆ ಬದಿಯ ಮರಗಳಿಗೆ ಸುಣ್ಣ, ಕೆಮ್ಮಣ್ಣು ಬಳಿಯುವುದೂ ಮರದ ಪೋಷಣೆಯಲ್ಲ. ಬಿಳಿ ಬಣ್ಣ ಬಿಸಿಲನ್ನು ಹಿಮ್ಮೆಟ್ಟಿಸುತ್ತದೆ, ರಾತ್ರಿ ವಾಹನದವರಿಗೆ ಕಾಣುತ್ತದೆ, ಅಷ್ಟೇ. ಶಿಲೀಂಧ್ರ ತಡೆಯುವುದು ಬೋರ್ಡೋ ಮುಲಾಮು: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್. ಸವರಿದ ಗಾಯಕ್ಕೆ ಹಚ್ಚಬೇಕಾದದ್ದು ಅದು.

ಸಂಕ್ರಾಂತಿ ಕಳೆದ ಮೇಲೆ ಬೇವು, ಹೊಂಗೆ ಬೋಳಾಗುವುದನ್ನು ಕಂಡು ಮರ ಸತ್ತಿತೆಂದು ಕೊಡಲಿ ಎತ್ತುವವರಿದ್ದಾರೆ. ಎಲೆ ಉದುರಿಸುವುದು ನೀರು ಉಳಿಸಿಕೊಳ್ಳುವ ಆ ಮರಗಳ ಉಪಾಯ. ಉಗುರಿನಿಂದ ರೆಂಬೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮರ ಬದುಕಿದೆ, ಯುಗಾದಿಯ ಹೊತ್ತಿಗೆ ಚಿಗುರುತ್ತದೆ.

ಇವೆಲ್ಲಕ್ಕೂ ತಯಾರಿಯ ಕಾಲ ಚಳಿ ಶುರುವಾದ ಮೇಲಲ್ಲ, ಮಣ್ಣು ಇನ್ನೂ ಹಸಿಯಿರುವಾಗ. ಸ್ವಾತಿ, ವಿಶಾಖ ಮಳೆಯ ನಡುವೆ ಕಳೆ ಕಿತ್ತು ಪಾತಿ ಸರಿಮಾಡಿ ಎಲೆ ಹೊದಿಸಿದರೆ ಆ ತೇವ ವಾರಗಟ್ಟಲೆ ಹೆಚ್ಚು ನಿಲ್ಲುತ್ತದೆ, ಟ್ಯಾಂಕರ್ ನೀರಿನ ಖರ್ಚೂ ಇಳಿಯುತ್ತದೆ. ವನಮಹೋತ್ಸವದಲ್ಲಿ ಶಾಲೆ, ಬೀದಿ, ಕೆರೆ ಏರಿಯ ಮೇಲೆ ಸಸಿ ನೆಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ: ಫೋಟೋ ತೆಗೆಸಿಕೊಂಡ ಆ ಗಿಡದ ಬಳಿಗೆ ಈ ವಾರವೇ ಹೋಗಿ ಪಾತಿ ಮಾಡಿ, ಮುಂಗಾರು ಮರಳುವವರೆಗೆ ವಾರಕ್ಕೊಂದು ಕ್ಯಾನ್ ನೀರು ಹಾಕಿ.