ಮಂಚೂ ಆಳ್ವಿಕೆಯಲ್ಲಿ ಮಂಗೋಲರು

ಚರಿತ್ರೆಯ ಪಾಠದಲ್ಲಿ ನಾವು ಮಂಗೋಲರನ್ನು ನೆನೆಯುವುದು ಚೆಂಗೀಸ್ ಖಾನನ ದಂಡಯಾತ್ರೆಗಳ ಸಂದರ್ಭದಲ್ಲಿ. ಲೋಕವನ್ನೇ ನಡುಗಿಸಿದ ಆ ಕುದುರೆ ಸವಾರರ ಸಂತತಿಯವರು ಮುಂದೆ ಮಂಚೂ ಅರಸರ ಕೈಕೆಳಗೆ ಇನ್ನೂರಕ್ಕೂ ಹೆಚ್ಚು ವರ್ಷ ಹೇಗೆ ಬಾಳಿದರೆಂಬುದೂ ಅಷ್ಟೇ ವಿಚಾರಾರ್ಹವಾಗಿದೆ.

ದಕ್ಷಿಣ ಮಂಗೋಲರ ಒಡೆಯರು 1636ರಲ್ಲಿ ಮಂಚೂ ದೊರೆ ಹೊಂಗ್ ತೈಜಿಯನ್ನು ತಮ್ಮ ಖಾನನೆಂದು ಒಪ್ಪಿದರು. ಉತ್ತರದ ಖಾಲ್ಖರು ತಡವಾಗಿ ಬಂದರು. 1688ರಲ್ಲಿ ಪಶ್ಚಿಮದ ಜುಂಗಾರರ ಗಾಲ್ದಾನನು ಮೇಲೆ ಬೀಳಲು ಅವರು ದಕ್ಷಿಣಕ್ಕೆ ಓಡಿ, 1691ರಲ್ಲಿ ದೊಲೊನ್ ನೊರ್ ಎಂಬಲ್ಲಿ ಕಾಂಗ್‌ಶಿ ಚಕ್ರವರ್ತಿಗೆ ಶರಣಾದರು.

ಮಂಚೂಗಳು ಅವರ ನಾಡನ್ನು ‘ಖೋಶೂನ್’ಗಳಾಗಿ, ಎಂದರೆ ಧ್ವಜಗಳಾಗಿ, ವಿಂಗಡಿಸಿದರು. ಒಂದೊಂದು ಧ್ವಜಕ್ಕೂ ವಂಶಪಾರಂಪರ್ಯವಾಗಿ ಆಳುವ ಒಬ್ಬ ‘ಜಸಗ್’; ಮೇಲ್ವಿಚಾರಣೆಗೆ ರಾಜಧಾನಿಯಲ್ಲಿ ‘ಲಿಫಾನ್ ಯುವಾನ್’ ಎಂಬ ಕಚೇರಿ. ಒಡೆಯರಿಗೆ ಬಿರುದು, ಬೆಳ್ಳಿ, ರೇಷ್ಮೆ, ರಾಜಮನೆತನದೊಡನೆ ಬೀಗತನ. ಬಡವರಿಗೆ ಬಿಟ್ಟಿ ಸೇವೆ. ಅಂಚೆಯ ತಂಗುದಾಣಗಳಿಗೆ ಕುದುರೆಯನ್ನೂ ಆಹಾರವನ್ನೂ ಒದಗಿಸುವ ಹೊರೆ ಅವರ ಮೇಲೆಯೇ ಬಿತ್ತು.

ಇವೆಲ್ಲಕ್ಕಿಂತ ಮುಖ್ಯವಾದುದು ಗಡಿ. ಅನುಮತಿಯಿಲ್ಲದೆ ಬೇರೆ ಧ್ವಜದ ಹುಲ್ಲುಗಾವಲಿಗೆ ಹೋಗುವುದು ಅಪರಾಧವಾಯಿತು. ನಮ್ಮ ಬಾಂದುಕಲ್ಲುಗಳಂತೆ ಅಲ್ಲಿ ಕಲ್ಲುಗುಪ್ಪೆಗಳು ಎಲ್ಲೆಯನ್ನು ತೋರುತ್ತಿದ್ದವು. ಮೇಲ್ನೋಟಕ್ಕೆ ಇದು ಜಗಳ ತಪ್ಪಿಸುವ ಏರ್ಪಾಡು. ಜಗಳಗಳು ಕಡಿಮೆಯಾದದ್ದೂ ನಿಜ. ಆದರೆ ಹುಲ್ಲುಗಾವಲಿನವರಿಗೆ ‘ಜುದ್’ ಎಂಬ ಒಂದು ವಿಪತ್ತುಂಟು: ಚಳಿಗಾಲದಲ್ಲಿ ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿ, ದನಕುರಿಗಳು ಮೇವು ಕಾಣದೆ ಸಾಯುತ್ತವೆ. ಅದಕ್ಕೆ ಹಳೆಯ ಮದ್ದು ಒಂದೇ, ದೂರ ಸಾಗುವುದು. ಈಗ ಅದಕ್ಕೂ ಅಪ್ಪಣೆ ಬೇಕಾಯಿತು. ಅರ್ಜಿ ಹೋಗಿ ಉತ್ತರ ಬರುವವರೆಗೆ ಹಿಮ ಕಾಯುವುದಿಲ್ಲವಷ್ಟೆ! ಹೀಗೆ ಕುಲಗಳು ಮತ್ತೆ ಒಂದಾಗಿ ದಂಡೆದ್ದು ಬರುವುದೂ ತಪ್ಪಿತು. ಮಂಚೂಗಳ ನಿಜವಾದ ಉದ್ದೇಶವು ಇದೇ ಎಂದು ನಾವು ಭಾವಿಸುತ್ತೇವೆ.

ಧರ್ಮದಲ್ಲಿಯೂ ಇದೇ ಎಚ್ಚರ. ಖಾಲ್ಖರ ಮಹಾಲಾಮಾ ಜೆಬ್ತ್ಸುಂದಂಬನ ಮೊದಲ ಎರಡು ಅವತಾರಗಳು ಮಂಗೋಲ ಅರಸುಮನೆತನದಲ್ಲಿ ಆದವು. 1756ರಲ್ಲಿ ಚಿಂಗುಂಜಾವನು ದಂಗೆ ಎದ್ದ ಮೇಲೆ, ಮುಂದಿನ ಅವತಾರಗಳನ್ನು ಟಿಬೆಟ್ಟಿನಲ್ಲಿಯೇ ಹುಡುಕಬೇಕೆಂದು ಚಿಯೆನ್‌ಲುಂಗ್ ಚಕ್ರವರ್ತಿಯು ಕಟ್ಟುಮಾಡಿದನು. ಇತ್ತ ಮಂಗೋಲ ಭಾಷೆಗೆ ಮನ್ನಣೆಯೇನೋ ಇದ್ದಿತು. ಮಂಚೂ ಲಿಪಿಯೇ 1599ರಲ್ಲಿ ಮಂಗೋಲ ಲಿಪಿಯಿಂದ ಹುಟ್ಟಿದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀ ವರ್ತಕರ ಸಾಲ ಬೆಳೆಯಿತು. ಒಬ್ಬನ ಸಾಲಕ್ಕೆ ಇಡೀ ಧ್ವಜವೇ ಹೊಣೆಯಾದುದುಂಟು. ಚೀನೀ ರೈತರು ಹುಲ್ಲುಗಾವಲಿನಲ್ಲಿ ನೆಲಸಬಾರದೆಂಬ ಹಳೆಯ ನಿಷೇಧವನ್ನು 1902ರ ಹೊತ್ತಿಗೆ ಸರ್ಕಾರವೇ ಕೈಬಿಟ್ಟು, ಭೂಮಿಯನ್ನು ಉಳುಮೆಗೆ ತೆರೆಯಿತು.

1911ರ ಡಿಸೆಂಬರಿನಲ್ಲಿ ಖಾಲ್ಖರು ಸ್ವಾತಂತ್ರ್ಯವನ್ನು ಸಾರಿ, ಟಿಬೆಟ್ಟಿನಲ್ಲಿ ಹುಟ್ಟಿದ ಎಂಟನೆಯ ಜೆಬ್ತ್ಸುಂದಂಬನನ್ನೇ ಖಾನನನ್ನಾಗಿ ಪಟ್ಟಕ್ಕೇರಿಸಿದರು. ದಕ್ಷಿಣದ ಧ್ವಜಗಳು ಚೀನಾದಲ್ಲಿಯೇ ಉಳಿದವು. ‘ಒಳ’ ಮಂಗೋಲರು, ‘ಹೊರ’ ಮಂಗೋಲರು ಎಂದು ಮಂಚೂ ಕಚೇರಿಯು ಆಡಳಿತಕ್ಕಾಗಿ ಮಾಡಿದ ವಿಭಾಗವೇ ಇಂದಿಗೂ ಬಹುಮಟ್ಟಿಗೆ ಎರಡು ದೇಶಗಳ ನಡುವಣ ಗಡಿ.