ಪತ್ರಿಕೆಯವರು ಕೇಳಿದಾಗ ಹೇಗೆ ಹೇಳಬೇಕು?

ಧಾರವಾಡದಲ್ಲಿ ವಿಶ್ವವಿದ್ಯಾಲಯಗಳಿವೆ. ಹಾಗಾಗಿ ನಮ್ಮ ಕೆಲಗೇರಿಯ ಓಣಿಗಳಲ್ಲಿ ಪ್ರಾಧ್ಯಾಪಕರು, ಎಂಜಿನಿಯರರು, ಡಾಕ್ಟರರು ಸಿಗುವುದು ಅಪರೂಪವಲ್ಲ. ಅಂಥವರು ನಿಮ್ಮ ಯಜಮಾನರಿರಬಹುದು, ಸೊಸೆಯಿರಬಹುದು, ನೀವೇ ಇರಬಹುದು. ಪತ್ರಿಕೆಯವರು ಬಂದು ಪ್ರಶ್ನೆ ಕೇಳಿದರೆ ಏನು ಮಾಡುವಿರಿ?

ವಿಷಯ ಗೊತ್ತಿರುವುದು ಬೇರೆ, ನಾಲ್ಕು ಜನಕ್ಕೆ ತಿಳಿಯುವಂತೆ ಹೇಳುವುದು ಬೇರೆ. ೧೯೮೦ರ ಫೆಬ್ರವರಿ ೧೬ರಂದು ಪಕ್ಕದ ಹುಬ್ಬಳ್ಳಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ವಿಜ್ಞಾನಿಗಳು ದೂರದಿಂದ ಬಂದು ಬೀಡುಬಿಟ್ಟಿದ್ದರು. 'ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ' ಎಂಬ ಎಚ್ಚರಿಕೆ ಪತ್ರಿಕೆ, ರೇಡಿಯೋಗಳಲ್ಲಿ ಬಂತು. ಮಾತು ಸರಿಯೇ. ಆದರೆ ಮೊದಲೇ ಗ್ರಹಣವೆಂದರೆ ಭಯ. ಎಷ್ಟೋ ಜನರ ಕಿವಿಗೆ ಅದು 'ಹೊರಗೇ ಬರಬೇಡಿ' ಎಂದು ಬಿತ್ತು. ದೇಶದ ಹಲವು ಊರುಗಳಲ್ಲಿ ಬೀದಿಗಳು ಬಿಕೋ ಎಂದವು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಗೋಡೆಯ ಮೇಲೆ ಬೀಳುವ ಬಿಂಬವನ್ನು ಮಕ್ಕಳೂ ನಿರ್ಭಯವಾಗಿ ನೋಡಬಹುದಿತ್ತು! 'ಬೇಡ' ಎಂದಷ್ಟೇ ಗಟ್ಟಿಯಾಗಿ 'ಹೀಗೆ ಮಾಡಿ' ಎಂದೂ ಹೇಳಬೇಕು.

ಈಗ ನಮ್ಮ ಕೆಲಗೇರಿ ಕೆರೆಯನ್ನೇ ಬರೀ ಉದಾಹರಣೆಗೆಂದು ತಗೊಳ್ಳಿ. ನೀರು ಪರೀಕ್ಷೆ ಮಾಡುವ ನಿಮ್ಮ ಸೊಸೆಯನ್ನು ವರದಿಗಾರರು ಕೇಳಿದರೆನ್ನಿ: "ಮೇಡಂ, ಕೆರಿ ನೀರು ವಿಷ ಆಗೇದ ಅಂತ ಬರೀಲೇನ್ರಿ?" "ಹೂಂ, ಬರಕೋರಿ" ಎಂದರೆ ಮರುದಿನ ಊರೆಲ್ಲ ಗಾಬರಿ. "ನನಗೇನೂ ಗೊತ್ತಿಲ್ಲ" ಎಂದರೆ ಆ ನೀರು ಕುಡಿಯುವವರ ಗತಿ? ಹೀಗೆ ಹೇಳಬಹುದು:

"ಇಂಥಾ ದಿನ ಇಂಥಾ ಕಡೆ ತಗೊಂಡ ನೀರಿನಾಗ ಇ-ಕೋಲೈ ಸಿಕ್ಕದ. ಅಂದ್ರ ಹೊಲಸು ಕೂಡೇದ ಅಂತ. ಕುಡಿಯೋ ನೀರಿನ ೧೦೦ ಮಿಲಿಲೀಟರಿನಾಗ ಅದು ಒಂದೂ ಇರಬಾರದು. ಅದಕ್ಕ ಇದನ್ನ ಕುಡೀಬ್ಯಾಡ್ರಿ. ಉಳಿದ ಕಡೀ ನೀರು ಇನ್ನೂ ನೋಡಿಲ್ಲ."

ನೋಡಿದಿರಾ? ಗೊತ್ತಿರುವುದು, ಗೊತ್ತಿಲ್ಲದ್ದು, ಜನ ಮಾಡಬೇಕಾದ್ದು ಮೂರೂ ಬಂದವು.

ಇನ್ನೂ ನಾಲ್ಕು ಮಾತು ನೆನಪಿಡಿ:

• ಮುಖ್ಯವಾದದ್ದನ್ನು ಮೊದಲೇ ಹೇಳಿ. ಕೊನೆಗೆ ಹೇಳಿದ್ದು ಜಾಗ ಸಾಲದೆ ಬಿಟ್ಟುಹೋಗಬಹುದು.

• ಅಂಕಿಗಳನ್ನು ಚೀಟಿಯಲ್ಲಿ ಬರೆದು ಕೊಡಿ. "ನಾನು ಹೇಳಿದ್ದನ್ನು ಒಮ್ಮೆ ಓದಿ ಹೇಳ್ರಿ" ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

• ನಿಮ್ಮ ವಿಷಯವಲ್ಲವೇ? ಬಲ್ಲವರ ಹೆಸರು ಸೂಚಿಸಿ.

• ಅಚ್ಚಾಗಬಾರದ ಮಾತನ್ನು ಚಹಾ ಕುಡಿಯುತ್ತಲೂ ಆಡಬೇಡಿ.

ವರದಿಗಾರರು ಶತ್ರುಗಳಲ್ಲ; ಸಂಜೆಯೊಳಗೆ ಬರೆದು ಮುಗಿಸುವ ಅವಸರ ಅವರಿಗೆ. ಮನೆಯ ತಜ್ಞರು ಅವರೊಡನೆ ಮಾತಾಡುವ ಮುಂಚೆ, ಅಡುಗೆಮನೆಯಲ್ಲಿ ನಿಮ್ಮೆದುರು ಒಮ್ಮೆ ಹೇಳಲಿ. ತಿಳಿಯದ ಕಡೆ "ಅಂದ್ರೇನ್ರಿ?" ಎಂದು ಕೇಳಿ. ಪೇಪರು ಓದುವವರೂ ಅದನ್ನೇ ಕೇಳುವವರು!